ರೆಪ್ಲಿಕಾ ಸ್ಪೋರ್ಟ್ಸ್ ಕಾರನ್ನು ಟ್ರೇಲರ್‌ಗೆ ಹತ್ತಿಸುವ ಮುನ್ನ: ಚಕ್ರಗಳ ಅಂತರ ಅಳೆಯುವ ಬಗೆ

ಬ್ರಿಟನ್ನಿನಲ್ಲಿ ನೆಲೆಸಿ, ಬಿಡುವಿನ ವೇಳೆಯಲ್ಲಿ ಕೋಬ್ರಾ ಎಂಬ ಹಳೆಯ ಸ್ಪೋರ್ಟ್ಸ್ ಕಾರಿನ ರೆಪ್ಲಿಕಾವನ್ನೋ, ಅಂದರೆ ನಕಲನ್ನೋ, ಲೋಟಸ್ ಸೆವೆನ್ ಮಾದರಿಯ ಪುಟ್ಟ ಕಾರನ್ನೋ ಗ್ಯಾರೇಜಿನಲ್ಲಿ ಜೋಡಿಸಿಕೊಂಡ ಕನ್ನಡಿಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ಈ ಕಾರಿನ ಎಡ ಬಲ ಚಕ್ರಗಳ ನಡುವೆ ಅಂತರ ಎಷ್ಟು? ಟ್ರೇಲರ್‌ಗೆ ಹತ್ತಿಸುವ ರ‍್ಯಾಂಪ್‌ಗಳನ್ನು ಎಷ್ಟು ದೂರದಲ್ಲಿ ಇಡಬೇಕು?" ಇದಕ್ಕೆ ಉತ್ತರವಾಗಿ ಒಂದು ಅಂಕಿಯನ್ನು ಬರೆದು ಕಳುಹಿಸುವುದು ಸುಲಭ, ಆದರೆ ಹಾಗೆ ಕಳುಹಿಸಿದ ಅಂಕಿ ನಿಮ್ಮ ಕಾರಿನದಾಗಿರುವ ಸಾಧ್ಯತೆ ಬಹಳ ಕಡಿಮೆ. ಆದ್ದರಿಂದ ಅಂಕಿಯ ಬದಲು ಅಳೆಯುವ ಕ್ರಮವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಒಂದು ಮಧ್ಯಾಹ್ನದ ಕೆಲಸ. ಇಬ್ಬರಿದ್ದರೆ ಒಳ್ಳೆಯದು.

ಮೂಲ ಕಾರಿನ ಅಂಕಿಗಳನ್ನು ಏಕೆ ನಂಬಬಾರದು ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. 1962ರಲ್ಲಿ ಹೊರಬಂದ ಎಸಿ ಕೋಬ್ರಾದ ಮುಂದಿನ ಹಾಗೂ ಹಿಂದಿನ ಆಕ್ಸಲ್‌ಗಳ (ಎಡ ಬಲ ಚಕ್ರಗಳ ಜೋಡಿಯನ್ನು ಹೊರುವ ಭಾಗ) ನಡುವಿನ ಅಂತರ 90 ಇಂಚು, ಅಂದರೆ 2,286 ಮಿ.ಮೀ. ಎಂಬುದು ಎಲ್ಲ ಕಡೆ ಸಿಗುವ ಮಾಹಿತಿ. ಆದರೆ ಆ ಕಾರಿನಲ್ಲೇ ತೆಳುಮೈಯ ಮೊದಲ ಮಾದರಿಗಳೂ, ಅಗಲ ಮೈಯ 427 ಮಾದರಿಯೂ ಇದ್ದವು. ಅವುಗಳ ಎಡ ಬಲ ಚಕ್ರಗಳ ಅಂತರ ಒಂದೇ ಆಗಿರಲಿಲ್ಲ. ಇನ್ನು ರೆಪ್ಲಿಕಾಗಳ ವಿಷಯಕ್ಕೆ ಬಂದರೆ, ಮೇಲಿನ ಫೈಬರ್‌ಗ್ಲಾಸ್ ಮೈ ಮಾತ್ರ ಕೋಬ್ರಾದ್ದು. ಕೆಳಗಿರುವುದು ಬೇರೆ ಯಾವುದೋ ಹಳೆಯ ಕಾರಿನಿಂದ ಬಿಚ್ಚಿ ತಂದ ಆಕ್ಸಲ್ ಮತ್ತು ಸಸ್ಪೆನ್ಷನ್, ಅಂದರೆ ಚಕ್ರಗಳನ್ನು ಕಾರಿಗೆ ಜೋಡಿಸುವ ಸ್ಪ್ರಿಂಗು, ತೋಳುಗಳು. ಹೀಗೆ ಭಾಗಗಳನ್ನು ಕೊಟ್ಟ ಕಾರನ್ನು ಕಿಟ್ ಕಾರ್ (ಬಿಡಿಭಾಗಗಳಿಂದ ಮನೆಯಲ್ಲೇ ಕಟ್ಟುವ ಕಾರು) ಜೋಡಿಸುವವರು ಡೋನರ್ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ಫೋರ್ಡ್ ಸಿಯೆರಾ ಮತ್ತು ಜಾಗ್ವಾರ್ ಕಾರುಗಳು, ಅಮೆರಿಕದಲ್ಲಿ ಫೋರ್ಡ್ ಮಸ್ಟ್ಯಾಂಗ್ ಹೆಚ್ಚಾಗಿ ಈ ಪಾತ್ರ ವಹಿಸಿವೆ. ಜಾಗ್ವಾರ್ ಎಂದಷ್ಟೇ ಹೇಳಿದರೂ ಸಾಲದು: 1961ರಲ್ಲಿ ಬಂದ ಹಿಂಬದಿಯ ಸ್ವತಂತ್ರ ಸಸ್ಪೆನ್ಷನ್ (ಪ್ರತಿ ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಬಗೆ) ವಿನ್ಯಾಸ ಒಂದೇ ಆದರೂ, ಇ-ಟೈಪ್ ಕಾರಿನಲ್ಲಿ ಅದರ ಚಕ್ರಗಳ ಅಂತರ ಸುಮಾರು 50 ಇಂಚು, ಎಕ್ಸ್‌ಜೆ6 ಕಾರಿನಲ್ಲಿ ಸುಮಾರು 58 ಇಂಚು. ನಡುವಿನ ವ್ಯತ್ಯಾಸ 200 ಮಿ.ಮೀ.ಗೂ ಹೆಚ್ಚು. ಅದರ ಮೇಲೆ ಆಕ್ಸಲನ್ನು ಕತ್ತರಿಸಿ ಕಿರಿದು ಮಾಡಿದವರಿದ್ದಾರೆ, ಚಕ್ರದ ಹಿಂದೆ ಸ್ಪೇಸರ್ ಎಂಬ ಲೋಹದ ಬಿಲ್ಲೆ ಸೇರಿಸಿ ಅಗಲ ಮಾಡಿದವರೂ ಇದ್ದಾರೆ. ನಿಮ್ಮ ಕಾರನ್ನು ಯಾರೋ ಜೋಡಿಸಿ, ಇನ್ಯಾರೋ ಮಾರಿ, ನೀವು ಮೂರನೆಯ ಒಡೆಯರಾಗಿದ್ದರೆ ಅದರೊಳಗೆ ಏನೇನು ನಡೆದಿದೆ ಎಂದು ಟೇಪು ಹಿಡಿಯದೆ ಗೊತ್ತಾಗುವುದಿಲ್ಲ.

ಕೆಲವು ಪದಗಳು

ಟ್ರ್ಯಾಕ್ ಎಂದರೆ ಒಂದೇ ಆಕ್ಸಲ್‌ನ ಎಡ ಟೈರಿನ ನಡುಗೆರೆಯಿಂದ ಬಲ ಟೈರಿನ ನಡುಗೆರೆಯವರೆಗಿನ ಅಡ್ಡ ಅಂತರ. ವೀಲ್‌ಬೇಸ್ ಎಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಉದ್ದದ ಅಂತರ. ಚಕ್ರವನ್ನು ಮುಂದಿನಿಂದ ನೋಡಿದಾಗ ಅದು ನೆಟ್ಟಗೆ ನಿಲ್ಲದೆ ಒಳಕ್ಕೋ ಹೊರಕ್ಕೋ ವಾಲಿರುವುದಕ್ಕೆ ಕ್ಯಾಂಬರ್ ಎನ್ನುತ್ತಾರೆ. ಮೇಲ್ಭಾಗ ಒಳಕ್ಕೆ ವಾಲಿದ್ದರೆ ನೆಗೆಟಿವ್ ಕ್ಯಾಂಬರ್. ಟೈರಿನ ಪಕ್ಕದ ಗೋಡೆ ಭಾರಕ್ಕೆ ಹೊರಗೆ ಉಬ್ಬಿರುವ ಭಾಗವನ್ನು ಈ ಲೇಖನದಲ್ಲಿ ಉಬ್ಬು ಎಂದೇ ಕರೆಯುತ್ತೇನೆ.

ಈಗ ಮುಖ್ಯ ಮಾತು. ರ‍್ಯಾಂಪ್ ಇಡಲು ಟ್ರ್ಯಾಕ್ ಒಂದೇ ಸಾಲದು. ರ‍್ಯಾಂಪಿನ ಮೇಲೆ ಹಾಯುವುದು ಟೈರಿನ ನಡುಗೆರೆಯಲ್ಲ, ಅಂಚಿನಿಂದ ಅಂಚಿನವರೆಗಿನ ಇಡೀ ಟೈರು. ಅದೂ ಮೊದಲು ಮುಂದಿನದು, ಅದೇ ಹಾದಿಯಲ್ಲಿ ಬಳಿಕ ಹಿಂದಿನದು. ಈ ಎರಡೂ ಟೈರುಗಳು ಸೇರಿ ಆವರಿಸುವ ಪಟ್ಟಿಯ ಒಳ ಅಂಚು ಎಲ್ಲಿ, ಹೊರ ಅಂಚು ಎಲ್ಲಿ ಎಂಬುದು ನಮಗೆ ಬೇಕಾದ ಉತ್ತರ. ಟ್ರ್ಯಾಕನ್ನು ಸರಿಯಾಗಿ ಅಳೆದೂ ರ‍್ಯಾಂಪನ್ನು ತಪ್ಪಾಗಿ ಇಟ್ಟವರೆಲ್ಲ ಎಡವಿರುವುದು ಇಲ್ಲೇ.

ಬೇಕಾಗುವ ಸಾಮಾನು

ಕನಿಷ್ಠ 3 ಮೀಟರಿನ ಉಕ್ಕಿನ ಟೇಪು, ಬಡಗಿಗಳು ಬಳಸುವ ಎರಡು ಮೂಲೆಮಟ್ಟ, ಟೈರಿಗಿಂತ ಉದ್ದವಾದ ಎರಡು ನೇರ ಮರದ ಪಟ್ಟಿ, ಗಾರೆಯವರ ರಸಮಟ್ಟ ಮತ್ತು ತೂಗುಗುಂಡು, ಸೀಮೆಸುಣ್ಣ, ಬಣ್ಣ ಬಳಿಯುವವರ ಕಾಗದದ ಅಂಟುಪಟ್ಟಿ, ಚಕ್ರ ಉರುಳದಂತೆ ಕೊಡಲು ಮರದ ಅಡ್ಡಗಳು. ಇವುಗಳ ಜೊತೆಗೆ ಗೋಡೆಗೆ ಅಂಟಿಸುವ ದಪ್ಪ ಬಿಳಿ ಕಾಗದದ ಒಂದು ಸುರುಳಿ. ಬ್ರಿಟನ್ನಿನಲ್ಲಿ ಲೈನಿಂಗ್ ಪೇಪರ್ ಎಂಬ ಹೆಸರಿನಲ್ಲಿ ಬಣ್ಣದ ಅಂಗಡಿಗಳಲ್ಲಿ ಸಿಗುತ್ತದೆ. ಬಟ್ಟೆ ಅಳೆಯುವ ಮೆತ್ತನೆಯ ಟೇಪು ಎಳೆದಷ್ಟೂ ಹಿಗ್ಗುತ್ತದೆ, ಬೇಡ. ಟೇಪಿನ ಒಂದು ಬದಿಯಲ್ಲಿ ಇಂಚು, ಇನ್ನೊಂದು ಬದಿಯಲ್ಲಿ ಮಿ.ಮೀ. ಇದ್ದರೆ ಮಿ.ಮೀ. ಒಂದನ್ನೇ ಬಳಸಿ, ಒಂದು ಆಕ್ಸಲನ್ನು ಇಂಚಿನಲ್ಲಿ, ಇನ್ನೊಂದನ್ನು ಮಿ.ಮೀ.ನಲ್ಲಿ ಬರೆದುಕೊಂಡು ಕೊನೆಗೆ ಕೂಡಿಸಲು ಕುಳಿತುಕೊಳ್ಳುವುದು ತಪ್ಪಿಗೆ ಬಾಗಿಲು ತೆರೆದಂತೆ.

1. ಕಾರನ್ನು ಅಣಿಗೊಳಿಸಿ

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಜಲ್ಲಿಯ ಅಂಗಳವಾಗಲೀ ನೀರು ಹರಿಯಲೆಂದು ಇಳಿಜಾರು ಕೊಟ್ಟ ಮನೆಮುಂದಿನ ದಾರಿಯಾಗಲೀ ಆಗದು. ನಾಲ್ಕೂ ಟೈರುಗಳ ಗಾಳಿಯನ್ನು ನೀವು ಕಾರನ್ನು ಸಾಗಿಸುವಾಗ ಇಟ್ಟುಕೊಳ್ಳುವ ಒತ್ತಡಕ್ಕೆ ತನ್ನಿ, ಏಕೆಂದರೆ ಗಾಳಿ ಕಡಿಮೆಯಾದರೆ ಉಬ್ಬು ಹೆಚ್ಚುತ್ತದೆ. ಸ್ಟೀರಿಂಗನ್ನು ನೇರವಾಗಿ ನಿಲ್ಲಿಸಿ. ಕಾರನ್ನು ಓಡಿಸಿಯೇ ಹತ್ತಿಸುವುದಾದರೆ ಚಾಲಕನ ಆಸನದಲ್ಲಿ ನಿಮ್ಮ ತೂಕದಷ್ಟು ಭಾರ ಇಡಿ ಅಥವಾ ಒಬ್ಬರನ್ನು ಕೂರಿಸಿ. ವಿಂಚ್‌ನಿಂದ, ಅಂದರೆ ತಂತಿ ಸುತ್ತುವ ರಾಟೆಯಿಂದ, ಎಳೆದು ಹತ್ತಿಸುವುದಾದರೆ ಆಸನ ಖಾಲಿಯೇ ಇರಲಿ.

ಇನ್ನು ಮುಂದಿನ ಮಾತನ್ನು ದಯವಿಟ್ಟು ಎರಡು ಬಾರಿ ಓದಿ. ಕಾರನ್ನು ಜಾಕ್‌ನಿಂದ ಎತ್ತಿ ಇಳಿಸಿದ ಕೂಡಲೇ ಅಳೆಯಬಾರದು. ಸ್ವತಂತ್ರ ಸಸ್ಪೆನ್ಷನ್ ಇರುವ ಕಾರನ್ನು ಎತ್ತಿದಾಗ ಚಕ್ರಗಳು ಕೆಳಗೆ ಜೋತುಬಿದ್ದು ಒಳಕ್ಕೆ ಸರಿಯುತ್ತವೆ. ಇಳಿಸಿದಾಗ ಟೈರಿನ ರಬ್ಬರ್ ನೆಲವನ್ನು ಕಚ್ಚಿ ಹಿಡಿಯುವುದರಿಂದ ಅವು ತಮ್ಮ ಸಹಜ ಸ್ಥಾನಕ್ಕೆ ಮರಳಲಾರವು, ಕಾರು ಪಾದ ಜೋಡಿಸಿಕೊಂಡು ನಿಂತಂತೆ ನಿಲ್ಲುತ್ತದೆ. ಹಿಂಬದಿಯಲ್ಲಿ ಜಾಗ್ವಾರ್ ಭಾಗಗಳಿರುವ ಕಾರುಗಳಲ್ಲಿ ಇದು ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿ ಚಕ್ರ ತಿರುಗಿಸುವ ದಂಡವೇ ಸಸ್ಪೆನ್ಷನ್ನಿನ ಮೇಲಿನ ತೋಳೂ ಆಗಿ ಕೆಲಸ ಮಾಡುತ್ತದೆ. ನಾನೇ ಮೊದಲ ಬಾರಿ ಈ ಅವಸರ ಮಾಡಿ ಹಿಂದಿನ ಅಳತೆಯಲ್ಲಿ 20 ಮಿ.ಮೀ. ತಪ್ಪಿದ್ದೆ. ಪರಿಹಾರ ಸರಳ: ಕಾರನ್ನು ನಾಲ್ಕೈದು ಮೀಟರ್ ಮುಂದಕ್ಕೆ, ಮತ್ತೆ ಹಿಂದಕ್ಕೆ ಉರುಳಿಸಿ, ನಾಲ್ಕೂ ಮೂಲೆಗಳನ್ನು ಕೈಯಿಂದ ಒತ್ತಿ ಬಿಡಿ, ನಿಲ್ಲಿಸುವಾಗ ಬ್ರೇಕ್ ಜೋರಾಗಿ ಒತ್ತದೆ ತಾನಾಗಿ ನಿಲ್ಲಲು ಬಿಡಿ. ಹಿಂದೆ ಗಟ್ಟಿ ಆಕ್ಸಲ್ ಇರುವ, ಅಂದರೆ ಎರಡೂ ಚಕ್ರಗಳನ್ನು ಒಂದೇ ಕೊಳವೆ ಬೆಸೆದಿರುವ ಕಾರುಗಳಲ್ಲಿ ಹಿಂಬದಿಗೆ ಈ ತೊಂದರೆಯಿಲ್ಲ. ಮುಂಬದಿಗೆ ಇದ್ದೇ ಇದೆ.

2. ಹೊರ ಅಂಚಿನಿಂದ ಹೊರ ಅಂಚಿಗೆ

ಎಡ ಟೈರಿನಿಂದ ಬಲ ಟೈರಿಗೆ ಗಾಳಿಯಲ್ಲಿ ನೇರವಾಗಿ ಟೇಪು ಎಳೆಯಲು ಆಗುವುದಿಲ್ಲ. ನಡುವೆ ಚಾಸಿ, ಎಂಜಿನ್ನಿನ ಎಣ್ಣೆ ತೊಟ್ಟಿ, ಸೈಲೆನ್ಸರ್ ಕೊಳವೆ ಎಲ್ಲವೂ ಅಡ್ಡ ಬರುತ್ತವೆ. ಆದ್ದರಿಂದ ಅಂಚುಗಳನ್ನು ನೆಲಕ್ಕೆ ಇಳಿಸಿ, ನೆಲದ ಮೇಲೆ ಅಳೆಯಬೇಕು.

ಚಕ್ರದ ನಡುವಿಗೆ ಸರಿಯಾಗಿ ಕೆಳಗೆ, ಟೈರಿನ ಪಕ್ಕ, ನೆಲಕ್ಕೆ ಅಂಟುಪಟ್ಟಿಯ ತುಂಡೊಂದನ್ನು ಅಂಟಿಸಿ. ಮೂಲೆಮಟ್ಟದ ಒಂದು ತೋಳನ್ನು ನೆಲದ ಮೇಲಿಟ್ಟು, ನಿಂತ ತೋಳನ್ನು ಟೈರಿನ ಕೆಳಗಿನ ಉಬ್ಬಿಗೆ ತಾಗುವಂತೆ ಸರಿಸಿ, ಅದು ನೆಲ ಮುಟ್ಟುವಲ್ಲಿ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಬಲಗಡೆಯೂ ಹಾಗೆಯೇ. ಮುಂದಿನ ಎರಡು, ಹಿಂದಿನ ಎರಡು, ಒಟ್ಟು ನಾಲ್ಕು ಗುರುತುಗಳಾದ ಮೇಲೆ ಕಾರನ್ನು ನೇರವಾಗಿ ಮುಂದಕ್ಕೆ ಉರುಳಿಸಿ, ತೆರವಾದ ನೆಲದ ಮೇಲೆ ಮುಂದಿನ ಜೋಡಿಯ ನಡುವೆ ಒಮ್ಮೆ, ಹಿಂದಿನ ಜೋಡಿಯ ನಡುವೆ ಒಮ್ಮೆ ಟೇಪು ಬಿಗಿಯಾಗಿ ಹಿಡಿದು ಅಳೆಯಿರಿ. ಈ ಅಳತೆಗಳನ್ನು ಮುಂದಿನ ಹೊರ ಅಳತೆ, ಹಿಂದಿನ ಹೊರ ಅಳತೆ ಎಂದು ಬರೆದುಕೊಳ್ಳಿ.

ಚಕ್ರದ ನಡುವಿನ ಎತ್ತರದಲ್ಲಿ ತೂಗುಗುಂಡು ಇಳಿಬಿಟ್ಟು ಅಳೆಯಬಾರದೇ ಎಂದು ಕೇಳುವವರಿದ್ದಾರೆ. ಕ್ಯಾಂಬರ್ ಇರುವ ಕಾರಿನಲ್ಲಿ ಆ ಎತ್ತರದ ಅಂತರ ಬೇರೆ, ನೆಲದ ಮೇಲಿನ ಅಂತರ ಬೇರೆ. ಕೋಬ್ರಾ ರೆಪ್ಲಿಕಾಗಳಲ್ಲಿ ಸಾಮಾನ್ಯವಾದ 295/50 ಆರ್15 ಟೈರಿನ ವ್ಯಾಸ ಸುಮಾರು 676 ಮಿ.ಮೀ.; ಅಂದರೆ ಚಕ್ರದ ನಡು ನೆಲದಿಂದ ಸುಮಾರು 330 ಮಿ.ಮೀ. ಎತ್ತರದಲ್ಲಿರುತ್ತದೆ. ಅಲ್ಲಿ 1 ಡಿಗ್ರಿ ನೆಗೆಟಿವ್ ಕ್ಯಾಂಬರ್ ಇದ್ದರೆ ನೆಲದ ಬಳಿ ಪ್ರತಿ ಬದಿಗೆ 6 ಮಿ.ಮೀ.ನಷ್ಟು, ಎರಡೂ ಬದಿ ಸೇರಿ 11 ಅಥವಾ 12 ಮಿ.ಮೀ.ನಷ್ಟು ಹೆಚ್ಚು ಅಗಲ ಸಿಗುತ್ತದೆ. ರ‍್ಯಾಂಪ್ ಇರುವುದು ನೆಲದಲ್ಲಿ, ಅಳತೆಯೂ ಅಲ್ಲೇ ಆಗಬೇಕು.

3. ಟೈರಿನ ನಿಜವಾದ ಅಗಲ

ಟೈರಿನ ಮೇಲೆ 295 ಎಂದು ಅಚ್ಚಾಗಿದ್ದರೆ ನೆಲದ ಮೇಲೆ 295 ಮಿ.ಮೀ. ಅಗಲವಿದೆ ಎಂದು ಭಾವಿಸಬೇಡಿ. ಅದು ತಯಾರಕರು ಗೊತ್ತುಪಡಿಸಿದ ಅಗಲದ ರಿಮ್ಮಿನ ಮೇಲೆ, ಭಾರವಿಲ್ಲದೆ ಇರುವಾಗ, ಪಕ್ಕದ ಗೋಡೆಯಿಂದ ಗೋಡೆಗೆ ಇರುವ ಅಗಲ. ರಿಮ್ ಅರ್ಧ ಇಂಚು ಅಗಲವಾದರೆ ಟೈರು ಸುಮಾರು 5 ಮಿ.ಮೀ. ಅಗಲವಾಗುತ್ತದೆ; ನೆಲಕ್ಕೆ ತಾಗುವ ಭಾಗ ಅದಕ್ಕಿಂತ ಸಾಕಷ್ಟು ಕಿರಿದಾಗಿರುತ್ತದೆ.

ಟೈರಿನ ಒಳಬದಿಗೊಂದು, ಹೊರಬದಿಗೊಂದು ಮರದ ಪಟ್ಟಿಯನ್ನು ನೆಲದ ಮೇಲೆ ನಿಲ್ಲಿಸಿ, ಎರಡೂ ಉಬ್ಬಿಗೆ ಮೆತ್ತಗೆ ತಾಗುವಂತೆ ಮತ್ತು ಒಂದಕ್ಕೊಂದು ಸಮಾನಾಂತರವಾಗಿರುವಂತೆ ಸರಿಸಿ. ಪಟ್ಟಿಗಳು ಟೈರಿನ ಮುಂದಕ್ಕೂ ಹಿಂದಕ್ಕೂ ಚಾಚಿಕೊಂಡಿರುವುದರಿಂದ ಎರಡೂ ತುದಿಗಳಲ್ಲಿ ಅವುಗಳ ನಡುವಿನ ಅಂತರವನ್ನು ಸಲೀಸಾಗಿ ಅಳೆಯಬಹುದು. ಎರಡೂ ಕಡೆ ಒಂದೇ ಅಂಕಿ ಬಂದರೆ ಅದೇ ಟೈರಿನ ಅಗಲ. ಮುಂದಿನ ಒಂದು, ಹಿಂದಿನ ಒಂದು ಟೈರಿಗೆ ಮಾಡಿದರೆ ಸಾಕು.

ಇಲ್ಲಿಂದ ಮುಂದೆ ಎಲ್ಲವೂ ಕಳೆಯುವ ಲೆಕ್ಕ. ಹೊರ ಅಳತೆಯಲ್ಲಿ ಒಂದು ಟೈರಿನ ಅಗಲ ಕಳೆದರೆ ಟ್ರ್ಯಾಕ್; ಎರಡು ಟೈರಿನ ಅಗಲ ಕಳೆದರೆ ಒಳ ಅಳತೆ, ಅಂದರೆ ಎಡ ಟೈರಿನ ಒಳ ಅಂಚಿನಿಂದ ಬಲ ಟೈರಿನ ಒಳ ಅಂಚಿಗೆ ಇರುವ ದೂರ. ಕಾರಿನ ಹೊಟ್ಟೆಯ ಕೆಳಗೆ ತೆವಳಿ ಒಳ ಅಂಚುಗಳನ್ನು ಹುಡುಕುವ ಅಗತ್ಯವಿಲ್ಲ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಸುಳುವ ಪ್ರಸಂಗವಂತೂ ಬರಲೇಬಾರದು.

4. ಕಾಗದದ ಮೇಲೆ ಅಚ್ಚು ತೆಗೆಯಿರಿ

ಇದು ಪರೀಕ್ಷೆಗಾಗಿ ಮಾಡುವ ಕೆಲಸ. ಆದರೆ ನನ್ನ ಮಟ್ಟಿಗೆ ಬಿಡಬಾರದ ಕೆಲಸ. ಎರಡು ಮೀಟರಿಗಿಂತ ಸ್ವಲ್ಪ ಉದ್ದನೆಯ ಎರಡು ತುಂಡು ಕಾಗದ ಕತ್ತರಿಸಿ, ಒಂದನ್ನು ಮುಂದಿನ ಟೈರುಗಳ ಮುಂದೆ, ಇನ್ನೊಂದನ್ನು ಹಿಂದಿನ ಟೈರುಗಳ ಮುಂದೆ ಅಡ್ಡಲಾಗಿ ಹಾಸಿ, ತುದಿಗಳನ್ನು ಅಂಟುಪಟ್ಟಿಯಿಂದ ನೆಲಕ್ಕೆ ಬಿಗಿಯಿರಿ. ಬಿಳಿ ಕಾಗದದ ಮೇಲೆ ಕಾಣುವಂತಹ ಬಣ್ಣದ ಸೀಮೆಸುಣ್ಣವನ್ನು ನಾಲ್ಕೂ ಟೈರುಗಳ ಮೇಲ್ಮೈಗೆ ಚೆನ್ನಾಗಿ ತಿಕ್ಕಿ, ಕಾರನ್ನು ಕಾಗದ ದಾಟುವಷ್ಟು ಮಾತ್ರ ಮುಂದಕ್ಕೆ ತಳ್ಳಿ, ಮತ್ತೆ ಹಿಂದಕ್ಕೆ ತನ್ನಿ. ಈ ಚಲನೆ ವೀಲ್‌ಬೇಸ್‌ಗಿಂತ ತುಂಬಾ ಕಡಿಮೆ ಇರಬೇಕು. ಇಲ್ಲವಾದರೆ ಮುಂದಿನ ಕಾಗದದ ಮೇಲೆ ಹಿಂದಿನ ಟೈರೂ ಹತ್ತಿ ಅಚ್ಚುಗಳು ಕಲಸಿಹೋಗುತ್ತವೆ.

ಕಾಗದಗಳನ್ನು ಬಿಡಿಸಿ ಎಳೆದು ಮೇಜಿನ ಮೇಲೆ ಹಾಸಿ ನೋಡಿದರೆ, ಎಡ ಅಚ್ಚಿನ ಎಡ ಅಂಚಿನಿಂದ ಬಲ ಅಚ್ಚಿನ ಎಡ ಅಂಚಿಗೆ ಇರುವ ದೂರವೇ ಟ್ರ್ಯಾಕ್. ಹೀಗೆ ಎರಡರಲ್ಲೂ ಒಂದೇ ಬದಿಯ ಅಂಚನ್ನು ಹಿಡಿದರೆ ನಡುಗೆರೆ ಹುಡುಕುವ ಗೋಜು ತಪ್ಪುತ್ತದೆ. ಮೂರನೆಯ ಹಂತದಲ್ಲಿ ಬಂದ ಅಂಕಿಗೂ ಇದಕ್ಕೂ 5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಲ್ಲೋ ತಪ್ಪಿದೆ; ಬಹುಪಾಲು ಮೂಲೆಮಟ್ಟ ಸರಿಯಾಗಿ ನಿಂತಿರಲಿಲ್ಲ, ಇಲ್ಲವೇ ಕಾರನ್ನು ಉರುಳಿಸದೆ ಅಳೆದಿದ್ದೀರಿ. ಅಚ್ಚಿನ ಒಂದು ಅಂಚು ಗಾಢವಾಗಿ, ಇನ್ನೊಂದು ಮಸುಕಾಗಿ ಬಿದ್ದಿದ್ದರೆ ಅದು ಕ್ಯಾಂಬರಿನ ಗುರುತು, ಗಾಬರಿ ಬೇಡ. ಕಾಗದಗಳ ಮೇಲೆ ತಾರೀಖು, ಟೈರಿನ ಅಳತೆ, ಗಾಳಿಯ ಒತ್ತಡ ಬರೆದು ಸುತ್ತಿ ಇಟ್ಟುಕೊಳ್ಳಿ.

5. ವೀಲ್‌ಬೇಸ್ ಮತ್ತು ಹೊರಗೆ ಚಾಚಿದ ಭಾಗಗಳು

ಚಕ್ರದ ನಡುವಿನಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಮಾಡಿ, ಎಡಬದಿಯಲ್ಲೂ ಬಲಬದಿಯಲ್ಲೂ ವೀಲ್‌ಬೇಸ್ ಅಳೆಯಿರಿ. ಮನೆಯಲ್ಲಿ ಜೋಡಿಸಿದ ಕಾರುಗಳಲ್ಲಿ ಎರಡು ಬದಿಗೂ ಕೆಲವು ಮಿ.ಮೀ. ವ್ಯತ್ಯಾಸ ಬರುವುದುಂಟು. ರ‍್ಯಾಂಪಿನ ಮಟ್ಟಿಗೆ ಅದು ತೊಂದರೆಯಲ್ಲ. ಆದರೆ ತುಂಬಾ ಹೆಚ್ಚಿದ್ದರೆ ಆಕ್ಸಲ್ ಓರೆಯಾಗಿ ಕುಳಿತಿದೆ ಎಂದರ್ಥ, ಅದನ್ನು ಬೇರೆಯಾಗಿ ನೋಡಿಸಬೇಕು.

ಕಾರಿನ ಅತ್ಯಂತ ಅಗಲದ ಭಾಗ ಟೈರೇ ಆಗಿರಬೇಕೆಂದಿಲ್ಲ. ಕೋಬ್ರಾ ಮಾದರಿಗಳಲ್ಲಿ ಚಕ್ರದ ನಡುವೆ ಕಿವಿಗಳಂತೆ ಚಾಚಿದ ದೊಡ್ಡ ನಟ್ಟು ಇರುತ್ತದೆ, ಬಾಗಿಲ ಕೆಳಗೆ ಉದ್ದಕ್ಕೂ ಸೈಲೆನ್ಸರ್ ಕೊಳವೆ ಹಾದಿರುತ್ತದೆ. ರ‍್ಯಾಂಪಿನ ಅಂಚುಪಟ್ಟಿ, ಟ್ರೇಲರ್‌ನ ಮಡ್‌ಗಾರ್ಡ್ ಇವೆರಡಕ್ಕೂ ಅವು ತಾಗಬಾರದು. ಆ ಕೊಳವೆ ಬಿಸಿಯಿರುವಾಗ, ಕಾರನ್ನು ಟ್ರೇಲರ್‌ಗೆ ಕಟ್ಟುವ ಬಿಗಿಪಟ್ಟಿ ಅದರ ಮೇಲೆ ಹಾಯ್ದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ನಿಮ್ಮ ಕಾಲೂ ಅಷ್ಟೇ.

6. ರ‍್ಯಾಂಪಿನ ಸ್ಥಾನ ಮತ್ತು ಅಗಲದ ಲೆಕ್ಕ

ಮುಂದಿನ ಹಾಗೂ ಹಿಂದಿನ ಹೊರ ಅಳತೆಗಳಲ್ಲಿ ದೊಡ್ಡದನ್ನು ಆರಿಸಿ. ಒಳ ಅಳತೆಗಳಲ್ಲಿ ಚಿಕ್ಕದನ್ನು ಆರಿಸಿ. ಇವೆರಡನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಒಂದು ರ‍್ಯಾಂಪಿನ ನಡುವಿನಿಂದ ಇನ್ನೊಂದರ ನಡುವಿಗೆ ಇರಬೇಕಾದ ಅಂತರ ಸಿಗುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು ಎರಡರಿಂದ ಭಾಗಿಸಿದರೆ ಟೈರುಗಳು ಆವರಿಸುವ ಪಟ್ಟಿಯ ಅಗಲ ಸಿಗುತ್ತದೆ.

ಲೆಕ್ಕ ತೋರಿಸುವುದಕ್ಕಾಗಿ ಇಟ್ಟುಕೊಂಡ ಒಂದು ಉದಾಹರಣೆ ನೋಡಿ. ಹಿಂದೆ ತುಂಬಾ ಅಗಲದ ಟೈರಿರುವ ಕೋಬ್ರಾ ರೆಪ್ಲಿಕಾ ಒಂದರಲ್ಲಿ ಮುಂದಿನ ಹೊರ ಅಳತೆ 1,665 ಮಿ.ಮೀ., ಟೈರಿನ ಅಗಲ 230. ಆಗ ಒಳ ಅಳತೆ 1,205, ಟ್ರ್ಯಾಕ್ 1,435. ಹಿಂದಿನ ಹೊರ ಅಳತೆ 1,710, ಟೈರಿನ ಅಗಲ 290; ಆಗ ಒಳ ಅಳತೆ 1,130, ಟ್ರ್ಯಾಕ್ 1,420. ಇಲ್ಲಿ ದೊಡ್ಡ ಹೊರ ಅಳತೆಯೂ ಚಿಕ್ಕ ಒಳ ಅಳತೆಯೂ ಹಿಂದಿನ ಆಕ್ಸಲ್‌ನವೇ ಆದ್ದರಿಂದ ಮುಂದಿನ ಟೈರು ಹಿಂದಿನದರ ಹಾದಿಯೊಳಗೇ ಅಡಗುತ್ತದೆ. ರ‍್ಯಾಂಪುಗಳ ನಡು ಅಂತರ 1,420, ಪಟ್ಟಿಯ ಅಗಲ 290.

ಸೆವೆನ್ ಮಾದರಿಯ ಕಾರೊಂದರಲ್ಲಿ ಪರಿಸ್ಥಿತಿ ಬೇರೆ ಇರಬಹುದು. ಮುಂದಿನ ಹೊರ ಅಳತೆ 1,560, ಒಳ ಅಳತೆ 1,180, ಟ್ರ್ಯಾಕ್ 1,370. ಹಿಂದಿನ ಹೊರ ಅಳತೆ 1,640, ಒಳ ಅಳತೆ 1,220, ಟ್ರ್ಯಾಕ್ 1,430 ಎಂದುಕೊಳ್ಳಿ. ಹೊರಗಿನ ಮಿತಿ ಹಿಂದಿನ ಟೈರಿನದು, ಒಳಗಿನ ಮಿತಿ ಮುಂದಿನ ಟೈರಿನದು. ನಡು ಅಂತರ 1,640 ಮತ್ತು 1,180ರ ಮೊತ್ತದ ಅರ್ಧ, ಅಂದರೆ 1,410. ಪಟ್ಟಿಯ ಅಗಲ 230. ಗಮನಿಸಿ: 1,410 ಎಂಬುದು ಮುಂದಿನ ಟ್ರ್ಯಾಕೂ ಅಲ್ಲ, ಹಿಂದಿನ ಟ್ರ್ಯಾಕೂ ಅಲ್ಲ, ಎರಡರ ಸರಾಸರಿಯಾದ 1,400 ಕೂಡ ಅಲ್ಲ. ಯಾವ ಟೈರೂ 210ಕ್ಕಿಂತ ಅಗಲವಿಲ್ಲದಿದ್ದರೂ ಹಾದಿ 230 ಅಗಲವಾಗಿದೆ.

ಪಟ್ಟಿಯ ಅಗಲಕ್ಕೆ ಪ್ರತಿ ಬದಿಗೆ 50 ಮಿ.ಮೀ. ಸೇರಿಸಿ ರ‍್ಯಾಂಪ್ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಚಾಲಕನ ಕೈ ಎಷ್ಟೇ ಪಳಗಿದ್ದರೂ ಕಾರು ಎರಡು ಬೆರಳಷ್ಟು ಪಕ್ಕಕ್ಕೆ ಸರಿಯುತ್ತದೆ. ಮನೆಯಲ್ಲಿ ಜೋಡಿಸಿದ ಕಾರಿನಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುಗಳು ಒಂದೇ ನೇರದಲ್ಲಿ ಇಲ್ಲದಿರುವುದೂ ಉಂಟು. ಮೇಲಿನ ಕೋಬ್ರಾಕ್ಕೆ ಹೀಗೆ 390 ಮಿ.ಮೀ. ಅಗಲದ ರ‍್ಯಾಂಪ್ ಬೇಕಾಗುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು 300 ಮಿ.ಮೀ.ದನ್ನು ತಂದರೆ ಪ್ರತಿ ಬದಿಗೆ ಉಳಿಯುವುದು 5 ಮಿ.ಮೀ. ಎದ್ದು ನಿಂತ ಅಂಚುಪಟ್ಟಿ ಇರುವ ರ‍್ಯಾಂಪಿನಲ್ಲಿ ಆ ಅಂಚುಪಟ್ಟಿಗಳ ಒಳಗಿನ ಅಗಲವನ್ನು ಲೆಕ್ಕ ಹಿಡಿಯಬೇಕೇ ಹೊರತು ಜಾಹೀರಾತಿನ ಒಟ್ಟು ಅಗಲವನ್ನಲ್ಲ.

7. ಇಳಿಜಾರಿನ ಲೆಕ್ಕ, ವೀಲ್‌ಬೇಸ್ ಕೆಲಸಕ್ಕೆ ಬರುವುದು ಇಲ್ಲಿ

ಅಗಲ ಸರಿಹೋಗಿ ಹೊಟ್ಟೆ ತಾಗಿ ನಿಂತ ಕಾರುಗಳು ಎಷ್ಟೋ ಇವೆ. ಮುಂದಿನ ಚಕ್ರ ಟ್ರೇಲರ್‌ನ ಹಾಸಿನ ಮೇಲೆ, ಹಿಂದಿನ ಚಕ್ರ ರ‍್ಯಾಂಪಿನ ಮೇಲೆ ಇರುವಾಗ ನಡುವಿನ ಏಣು ಕಾರಿನ ಹೊಟ್ಟೆಗೆ ಹತ್ತಿರ ಬರುತ್ತದೆ. ಅಲ್ಲಿ ಎಷ್ಟು ಎತ್ತರ ಬೇಕಾಗುತ್ತದೆಂದು ತಿಳಿಯಲು ವೀಲ್‌ಬೇಸನ್ನು ಟ್ರೇಲರ್ ಹಾಸಿನ ಎತ್ತರದಿಂದ ಗುಣಿಸಿ, ರ‍್ಯಾಂಪಿನ ಉದ್ದದ ನಾಲ್ಕರಷ್ಟರಿಂದ ಭಾಗಿಸಿ. ವೀಲ್‌ಬೇಸ್ 2,286, ಹಾಸಿನ ಎತ್ತರ 450 ಇದ್ದರೆ, 1,800 ಮಿ.ಮೀ. ಉದ್ದದ ರ‍್ಯಾಂಪಿಗೆ 143 ಮಿ.ಮೀ. ಎತ್ತರ ಬೇಕು, 2,400ಕ್ಕೆ 107, 3,000ಕ್ಕೆ 86. ನಿಮ್ಮ ಕಾರಿನ ಹೊಟ್ಟೆಯ ಅತ್ಯಂತ ತಗ್ಗಾದ ಭಾಗ ನೆಲದಿಂದ 110 ಮಿ.ಮೀ. ಎತ್ತರದಲ್ಲಿದ್ದರೆ 2,400ರ ರ‍್ಯಾಂಪ್ ಕಾಗದದ ಮೇಲೆ ಮಾತ್ರ ಸಾಕಾಗುತ್ತದೆ, ಏಕೆಂದರೆ ಸಸ್ಪೆನ್ಷನ್ ಒಮ್ಮೆ ಕುಲುಕಿದರೆ ಆ 3 ಮಿ.ಮೀ. ಉಳಿಯುವುದಿಲ್ಲ. ಕನಿಷ್ಠ 20 ಮಿ.ಮೀ. ಬಿಡುವು ಇಟ್ಟುಕೊಳ್ಳಿ.

ಮೂಗಿನ ಲೆಕ್ಕ ಇದಕ್ಕಿಂತ ಸುಲಭ. ಮುಂದಿನ ಟೈರು ನೆಲ ತಾಗುವ ಜಾಗದಿಂದ ಮೂಗಿನ ತಗ್ಗು ಅಂಚಿನವರೆಗಿನ ದೂರವನ್ನು ಹಾಸಿನ ಎತ್ತರದಿಂದ ಗುಣಿಸಿ, ರ‍್ಯಾಂಪಿನ ಉದ್ದದಿಂದ ಭಾಗಿಸಿ. 650 ಮಿ.ಮೀ. ಮುಂದೆ ಚಾಚಿದ ಮೂಗಿಗೆ 2,400ರ ರ‍್ಯಾಂಪಿನಲ್ಲಿ ಸುಮಾರು 122 ಮಿ.ಮೀ. ಎತ್ತರ ಬೇಕು. ಸಾಲದಿದ್ದರೆ ರ‍್ಯಾಂಪಿನ ಬುಡದಲ್ಲಿ ದಪ್ಪ ಹಲಗೆಗಳನ್ನಿಟ್ಟು ಏರನ್ನು ಎರಡು ಮೆಟ್ಟಿಲಾಗಿ ಒಡೆಯಬಹುದು. ಹಾಗೆ ಮಾಡುವಾಗ ಹಲಗೆಗಳನ್ನೂ ಆರನೆಯ ಹಂತದ ಅಂತರದಲ್ಲೇ ಇಡಬೇಕು, ಮತ್ತು ಅವು ಹಿಂದಕ್ಕೆ ಜಾರದಂತೆ ಬಿಗಿಯಬೇಕು.

ಉದ್ದದ ರ‍್ಯಾಂಪಿಗೆ ಅದರದೇ ತೊಂದರೆಯಿದೆ. ರ‍್ಯಾಂಪ್ ವೀಲ್‌ಬೇಸ್‌ಗಿಂತ ಉದ್ದವಾದರೆ ಒಂದು ಹಂತದಲ್ಲಿ ನಾಲ್ಕೂ ಚಕ್ರಗಳು ಅದರ ಮೇಲಿರುತ್ತವೆ. ಆಗ ಪ್ರತಿ ರ‍್ಯಾಂಪ್ ಅರ್ಧ ಕಾರಿನ ಭಾರ ಹೊರುತ್ತದೆ. ಬಾಗುವಿಕೆ ಮಾತ್ರ ಭಾರವಾದ ಆಕ್ಸಲ್ ರ‍್ಯಾಂಪಿನ ನಟ್ಟನಡುವೆ ಬಂದಾಗ ಅತಿ ಹೆಚ್ಚು, ಉದ್ದ ಹೆಚ್ಚಿದಷ್ಟೂ ಅದೂ ಹೆಚ್ಚು. ಬಾಗಿದ ರ‍್ಯಾಂಪ್ ಎಂದರೆ ಮೇಲಿನ ಲೆಕ್ಕದ ಇಳಿಜಾರು ಕೊನೆಯಲ್ಲಿ ಇನ್ನಷ್ಟು ಕಡಿದಾಗುತ್ತದೆ. ಕೊಳ್ಳುವಾಗ ಅದರ ಮೇಲೆ ಬರೆದ ಭಾರದ ಮಿತಿ ಒಂದು ರ‍್ಯಾಂಪಿಗೋ ಜೋಡಿಗೋ ಎಂದು ಕೇಳಿ ತಿಳಿದುಕೊಳ್ಳಿ. ಬಹಳ ಕಡೆ ಅದು ಜೋಡಿಯ ಮಿತಿ.

8. ಟ್ರೇಲರ್ ಅಳೆಯಿರಿ, ಮೊದಲು ನೆಲದ ಮೇಲೆ ಅಭ್ಯಾಸ ಮಾಡಿ

ಬ್ರಿಟನ್ನಿನಲ್ಲಿ ಸಾಮಾನ್ಯ ಕಾರು ಎಳೆಯುವ ಟ್ರೇಲರ್‌ನ ಅಗಲ 2.55 ಮೀಟರ್ ಮೀರುವಂತಿಲ್ಲ. ಚಕ್ರಗಳು ಹಾಸಿನ ಅಕ್ಕಪಕ್ಕದಲ್ಲಿರುವ ಟ್ರೇಲರ್‌ಗಳಲ್ಲಿ ಮಡ್‌ಗಾರ್ಡ್‌ಗಳು ಆ ಅಗಲದಲ್ಲಿ ತಮ್ಮ ಪಾಲು ತೆಗೆದುಕೊಂಡ ಮೇಲೆ ಕಾರಿಗೆ ಉಳಿಯುವುದು ಎಷ್ಟೆಂದು ಅಳೆದು, ನಿಮ್ಮ ಕಾರಿನ ಅತ್ಯಂತ ಅಗಲದ ಭಾಗದೊಂದಿಗೆ ಹೋಲಿಸಿ. ಬಾಗಿಲು ತೆರೆದು ಹೊರಬರುವುದು ಹೇಗೆಂಬುದನ್ನೂ ಈಗಲೇ ಯೋಚಿಸಿ. ಕೋಬ್ರಾದಿಂದ ಬಾಗಿಲ ಮೇಲೆ ಹಾರಿ ಬರಬಹುದು. ಆದರೆ ಫೋರ್ಡ್ ಜಿಟಿ40 ಮಾದರಿಯ ಬಾಗಿಲುಗಳು ಚಾವಣಿಯನ್ನೂ ಕೊರೆದುಕೊಂಡು ತೆರೆಯುವುದರಿಂದ ಮುಚ್ಚಿದ ಟ್ರೇಲರ್‌ನೊಳಗೆ ಓಡಿಸಿಕೊಂಡು ಹೋದವರು ಅಲ್ಲೇ ಉಳಿಯಬೇಕಾದೀತು. ಅಂಥ ಕಾರಿಗೆ ವಿಂಚ್ ಒಳ್ಳೆಯದು.

ಹಾಸು ನಡುವೆ ತೆರೆದಿರುವ, ಎರಡು ಓಣಿಗಳಷ್ಟೇ ಇರುವ ಟ್ರೇಲರ್ ಆದರೆ ಆ ಓಣಿಗಳ ಒಳ ಹಾಗೂ ಹೊರ ಅಂಚುಗಳೂ ಆರನೆಯ ಹಂತದ ಪಟ್ಟಿಗೆ ಹೊಂದಬೇಕು. ರ‍್ಯಾಂಪ್ ಸರಿಸಬಹುದು, ಓಣಿಯನ್ನು ಸರಿಸಲಾಗದು. ಬಾಡಿಗೆಗೆ ಟ್ರೇಲರ್ ತರುವವರು ಇದನ್ನು ಫೋನಿನಲ್ಲೇ ಕೇಳಿ ಬರೆದುಕೊಳ್ಳಬೇಕು.

ಟ್ರೇಲರ್‌ನ ಹಿಂದಿನ ಅಂಚಿನ ನಡುವನ್ನು ಗುರುತಿಸಿ, ಅಲ್ಲಿಂದ ಎಡಕ್ಕೂ ಬಲಕ್ಕೂ ನಡು ಅಂತರದ ಅರ್ಧದಷ್ಟು ದೂರದಲ್ಲಿ ರ‍್ಯಾಂಪುಗಳ ನಡು ಬರಬೇಕಾದ ಜಾಗಕ್ಕೆ ಬಣ್ಣದ ಗೆರೆ ಹಾಕಿ. ರ‍್ಯಾಂಪುಗಳ ಮೇಲ್ತುದಿಯಲ್ಲಿ ಅಂತರ ಸರಿಯಿದ್ದು ಬುಡದಲ್ಲಿ ಅಗಲಿಕೊಂಡಿರುವುದು ಸಾಮಾನ್ಯ ತಪ್ಪು. ಎರಡೂ ತುದಿಗಳಲ್ಲಿ ಅಳೆಯಿರಿ. ಸಾಧ್ಯವಾದರೆ ಎರಡು ರ‍್ಯಾಂಪುಗಳನ್ನು ಬುಡದಲ್ಲಿ ಒಂದು ಅಡ್ಡಪಟ್ಟಿಯಿಂದ ಬಿಗಿದುಬಿಡಿ. ಮೇಲ್ತುದಿಯ ಕೊಕ್ಕೆಗಳು ಹಾಸಿಗೆ ಪಿನ್ನಿನಿಂದ ಬಂಧಿಸಲ್ಪಟ್ಟಿರಬೇಕು. ಓಡಿಸಿ ಹತ್ತುವ ಕಾರಿನ ಹಿಂದಿನ ಚಕ್ರಗಳು ರ‍್ಯಾಂಪನ್ನು ಹಿಂದಕ್ಕೆ ಒದೆಯುತ್ತವೆ. ಪಿನ್ನಿಲ್ಲದ ರ‍್ಯಾಂಪ್ ಕಾರಿನ ಕೆಳಗಿನಿಂದ ಹಾರಿಹೋಗಬಹುದು.

ಇಷ್ಟಾದ ಮೇಲೂ ನೇರವಾಗಿ ಹತ್ತಿಸಬೇಡಿ. ನೆಲದ ಮೇಲೆ ಅದೇ ಅಂತರ, ಅದೇ ಅಗಲದ ಎರಡು ಓಣಿಗಳನ್ನು ಸೀಮೆಸುಣ್ಣದಿಂದ ಎಳೆದು, ಕಾರನ್ನು ಅವುಗಳ ಮೇಲೆ ನಿಧಾನವಾಗಿ ಹಾಯಿಸಿ. ಜೊತೆಗಾರರು ಮುಂದೆ ಒಮ್ಮೆ, ಹಿಂದೆ ಒಮ್ಮೆ ಬಾಗಿ ನೋಡಲಿ. ನಾಲ್ಕೂ ಟೈರುಗಳು ಗೆರೆಯೊಳಗೆ ಉಳಿದು, ಎರಡೂ ಬದಿಗೆ ಹೆಚ್ಚುಕಡಿಮೆ ಒಂದೇ ಬಿಡುವು ಕಂಡರೆ ಅಳತೆ ಸರಿಯಿದೆ. ಒಂದು ಬದಿಯಲ್ಲಿ ಹಿಂದಿನ ಟೈರು ಮಾತ್ರ ಗೆರೆ ಮುಟ್ಟುತ್ತಿದ್ದರೆ ಆಕ್ಸಲ್‌ಗಳ ನಡು ಒಂದೇ ನೇರದಲ್ಲಿಲ್ಲ. ಆ ಬದಿಯ ರ‍್ಯಾಂಪನ್ನು ಅಷ್ಟು ಸರಿಸಿ ಗೆರೆಯನ್ನು ತಿದ್ದಿಕೊಳ್ಳಿ.

ಹತ್ತಿಸುವ ದಿನ ಟ್ರೇಲರ್ ಎಳೆಯುವ ವಾಹನಕ್ಕೆ ಜೋಡಿಸಿಯೇ ಇರಬೇಕು, ಎರಡಕ್ಕೂ ಹ್ಯಾಂಡ್ ಬ್ರೇಕ್ ಹಾಕಿ ಚಕ್ರಗಳಿಗೆ ಮರದ ಅಡ್ಡ ಕೊಟ್ಟಿರಬೇಕು, ಟ್ರೇಲರ್‌ನ ಹಿಂಭಾಗಕ್ಕೆ ಊರುಗಾಲು ಇಳಿಸಿರಬೇಕು. ಜೋಡಿಸದ ಟ್ರೇಲರ್‌ನ ಹಿಂದಿನ ಅಂಚಿಗೆ ಕಾರಿನ ಭಾರ ಬಿದ್ದರೆ ಅದರ ಮೂಗು ಏತದಂತೆ ಮೇಲೇಳುತ್ತದೆ. ರ‍್ಯಾಂಪಿನ ಹಿಂದೆ ಕಾರಿನ ಹಾದಿಯಲ್ಲಿ ಯಾರೂ ನಿಲ್ಲಬಾರದು, ದಾರಿ ತೋರಿಸುವವರು ಪಕ್ಕದಲ್ಲಿ, ದೂರದಲ್ಲಿ ನಿಲ್ಲಬೇಕು.

ಟೈರು, ರಿಮ್, ಸ್ಪೇಸರ್, ಕಾರಿನ ಎತ್ತರ ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಮೊದಲ ಹಂತದಿಂದ ಮತ್ತೆ ಅಳೆಯಬೇಕು. ಪ್ರತಿ ಚಕ್ರಕ್ಕೆ 20 ಮಿ.ಮೀ.ನ ಸ್ಪೇಸರ್ ಹಾಕಿದರೆ ಟ್ರ್ಯಾಕ್ 40 ಮಿ.ಮೀ. ಹೆಚ್ಚುತ್ತದೆ, ಹಳೆಯ ಬಣ್ಣದ ಗೆರೆಯನ್ನು ನಂಬಿ ಹತ್ತಿಸಿದರೆ ನೀವು ಬಿಟ್ಟುಕೊಂಡಿದ್ದ 50 ಮಿ.ಮೀ. ಬಿಡುವಿನಲ್ಲಿ 20 ಆಗಲೇ ಕರಗಿರುತ್ತದೆ.